ಒಂದೇ ಸ್ವಿಚ್ಚು

ಮನಾಮ. ಹೊರಗೆ ನಲವತ್ತಾರು ಡಿಗ್ರಿ.
ಮೂರನೇ ಮಹಡಿಯಲ್ಲಿ ಓಕ್ ತೊಲೆ, ತಟ್ಟಿದರೆ ಡಬ್ಬದ ಸದ್ದು;
ಬಲ್ಬು ಉರಿಯುವ ಒಲೆ, ಪ್ಲಾಸ್ಟಿಕ್ ಕೊರಡು.
ಬಾರ್ಲೋ ಸಾಹೇಬರು ಅದರೆದುರು ಅಂಗೈ ಕಾಯಿಸುತ್ತಾರೆ,
ಜೂನಿನಲ್ಲೂ.

"ಬಿಯರು ಇಷ್ಟು ತಣ್ಣಗಿರಬಾರದು ವಲೇರಿ,
ನೆಲಮಾಳಿಗೆಯಷ್ಟು ಸಾಕು."
ನಾನು ನೆಲಮಾಳಿಗೆ ಕಂಡವನಲ್ಲ.
ಶಿರ್ವದ ಬಾವಿನೀರು ನೆನೆದು
ಗ್ಲಾಸನ್ನು ಹತ್ತು ನಿಮಿಷ ಹೊರಗಿಡುತ್ತೇನೆ.

ಕಾಡ್ ಮೀನಿಲ್ಲ, ಹಮೂರ್.
ಬಜಪೆಯ ಹಸನಬ್ಬ ಪೈ ಅಂಚನ್ನು
ಕರ್ಜಿಕಾಯಿಯ ಹಾಗೆ ಮಡಚುತ್ತಾನೆ.
ದೂರು ಬಂದಿಲ್ಲ.

ನಿನ್ನೆ ಫೋನು ತೋರಿಸಿದರು:
ಅವರೂರಿನ ಪಬ್ಬು ಮಾರಿ ನಾಲ್ಕು ಫ್ಲ್ಯಾಟು.
ಗೋಡೆಯಲ್ಲಿ ಬೋರ್ಡಿನ ಕೊಕ್ಕೆ ಮಾತ್ರ.

ನೊರೆ ಪೂರ್ತಿ ಇಳಿಯಿತು.
ಆಮೇಲೆ, "ಒಲೆ ಸ್ವಲ್ಪ ಜೋರು ಮಾಡ್ತೀಯಾ?"

ಇರುವುದು ಒಂದೇ ಸ್ವಿಚ್ಚು.
ಆರಿಸಿ, ಮತ್ತೆ ಹಾಕಿದೆ.