ಎಂಟು ಸ್ವಿಚ್ಚು

ಪೆಟ್ಟಿಗೆಯ ಬೆನ್ನಿಗೆ ಬೀಗ. ಕೀಲಿ ನನ್ನ ಸೊಂಟದಲ್ಲಿ.
ಒಳಗೆ ಧೂಳು, ಸುಟ್ಟ ವೈರಿನ ವಾಸನೆ, ಸತ್ತ ಜಿರಳೆ,
ಹಸಿರು ಹಲಗೆಯ ಮೇಲೆ ಅಕ್ಕಿಕಾಳಿನಂಥ
ಎಂಟು ಬಿಳಿ ಸ್ವಿಚ್ಚು.

ವಾಲ್ಪರೈಸೋ ಬಂದರಿನ ಹಿಂದೆ,
ಗುಡ್ಡಕ್ಕೆ ಹಗ್ಗ ಎಳೆಯುವ ಡಬ್ಬಿಗಾಡಿ ಬಂದು ನಿಲ್ಲುವಲ್ಲಿ
ದೋನ್ ಅನ್ಸೆಲ್ಮೋನ ಆಟದಂಗಡಿ.
ಹದಿನಾರು ಯಂತ್ರ. ರಿಪೇರಿಗೆ ನಾನೊಬ್ಬಳೇ.

ಮೂರನೆಯದು, ನಾಲ್ಕನೆಯದು
ಎರಡನ್ನೂ ಮೇಲೆತ್ತಿದರೆ ಆಟ ಕಠಿಣ.
"ಎತ್ತು," ಅಂದ ಅನ್ಸೆಲ್ಮೋ,
"ಆ ಹುಡುಗಿ ಒಂದೇ ಬಿಲ್ಲೆ ಹಾಕಿ
ಮಧ್ಯಾಹ್ನವೆಲ್ಲ ಆಡುತ್ತಾಳೆ.
ಕರೆಂಟು ಬಿಲ್ಲು ಅವಳಪ್ಪ ಕಟ್ಟುತ್ತಾನೇನು?"

ಹುಡುಗಿ ರಯೇನ್. ಹನ್ನೆರಡರ ಪ್ರಾಯ.
ಅಮ್ಮನ ಜೊತೆ ಕೂತು ಚಿಪ್ಪು ಬಿಡಿಸಿದ ಬೆರಳುಗಳಿಗೆ
ಸಣ್ಣ ಸಣ್ಣ ಗೀರು, ಸಮುದ್ರದ ನಾತ.
ಎತ್ತಿದೆ.

ಆ ಸಂಜೆ ಐದನೇ ಹಂತದ ಈಟಿಗಾರ
ಅವಳನ್ನು ಹನ್ನೊಂದು ಸಲ ಕೊಂದ.
ಮೊದಲೆಲ್ಲ ಒಂದು, ಎರಡು, ಮೂರು ಎಣಿಸುವಷ್ಟು ಬಿಡುವು,
ಈಗ ಒಂದು ಮುಗಿಯುವುದರೊಳಗೆ ಈಟಿ.
ಆದರೂ ಎಸೆಯುವ ಮುಂಚೆ ಅವನ ಎಡಭುಜ
ಕೂದಲೆಳೆಯಷ್ಟು ತಗ್ಗುತ್ತಿತ್ತು,
ಸುಲಭದಲ್ಲಿ ತಗ್ಗಿದ ಹಾಗೆಯೇ.
ಅದನ್ನು ಬರೆದವರು ಯಾರೋ,
ಯಾವ ಊರಿನಲ್ಲಿ ಯಾವ ರಾತ್ರಿ ಕೂತು ಬರೆದರೋ,
ಕೊಲ್ಲುವವನ ಕಿವಿಯಲ್ಲೂ ಒಂದು ಮಾತು ಹೇಳಿ ಕಳಿಸಿದ್ದರು:
ಹೇಳದೆ ಹೊಡೆಯಬೇಡ.

ಸತ್ತಾಗಲೆಲ್ಲ ರಯೇನ್ ನೋಡುತ್ತಿದ್ದದ್ದು
ತನ್ನ ಕೈ.
ಕೈಗೆ ಬೈದು, ಅದೇ ಕೈಯನ್ನು ಅಂಗಿಗೆ ಒರೆಸಿ,
ಮತ್ತೆ ಹಿಡಿಗೆ ಹಾಕುವಳು.
ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆನ್ನುವ
ಜಟ್ಟಿಯ ಜಂಬವಲ್ಲ ಅದು.
ಮೀಸೆ ಮಣ್ಣಾಗಿದೆ, ಮಣ್ಣು ಇಂಥ ಕಡೆಯದು ಎಂದು
ಮೂಸಿ ನೋಡುವ ಗಮನ.

ಹನ್ನೆರಡನೇ ಸಲ
ಭುಜ ತಗ್ಗಿತು, ಅವಳ ಭುಜವೂ ತಗ್ಗಿತು.
ಈಟಿ ಗೋಡೆಗೆ.
ಪಾಳಿ ಮುಗಿಸಿ ಬಂದ ಹಮಾಲನೊಬ್ಬ
ತನ್ನದೇ ಹುಡುಗಿಯೇನೋ ಎಂಬಂತೆ ಟೋಪಿ ತೆಗೆದ.

ಎರಡು ವಾರ. ಮತ್ತೆ ಒಂದೇ ಬಿಲ್ಲೆ, ಇಡೀ ಮಧ್ಯಾಹ್ನ.
ಅನ್ಸೆಲ್ಮೋ ನನ್ನನ್ನು ಮೂಲೆಗೆ ಕರೆದ.
"ಗುಂಡಿಯ ಕೆಳಗೆ ಸ್ಪ್ರಿಂಗ್ ಇದೆಯಲ್ಲ,
ಸ್ವಲ್ಪ ಸಡಿಲಿಸು. ಹತ್ತು ಸಲ ಒತ್ತಿದರೆ
ಒಂದು ಸಲ ಕೇಳಿಸಬಾರದು. ಸಾಕು.
ಇದೂ ಕಠಿಣವೇ ಅಲ್ಲವೇ?"

ಅಲ್ಲ ಎನ್ನಬೇಕಿತ್ತು.
ಎರಡು ತಿಂಗಳ ಬಾಡಿಗೆ ಬಾಕಿ ಇತ್ತು.
ಸಡಿಲಿಸಿದೆ.

ಮರುದಿನ ಭುಜ ತಗ್ಗಿತು. ರಯೇನ್ ಒತ್ತಿದಳು.
ತೆರೆಯೊಳಗಿನ ಪುಟ್ಟ ಮನುಷ್ಯ
ಹಾರದೆ ನಿಂತೇ ಇದ್ದ, ಕಂಬದ ಹಾಗೆ.
ಈಟಿ ಎದೆಗೆ.
ಅವಳು ಕೈ ನೋಡಿಕೊಳ್ಳಲಿಲ್ಲ.
ಯಂತ್ರವನ್ನು ನೋಡಿದಳು.
ಆಮೇಲೆ, ತಿರುಗಿ, ನನ್ನನ್ನು.

ಒಂದು ಮಾತೂ ಇಲ್ಲ. ಉಳಿದ ಬಿಲ್ಲೆಯನ್ನು
ಜೇಬಿಗೆ ಹಾಕಿಕೊಂಡು ಗುಡ್ಡ ಹತ್ತಿದಳು.
ತೆರೆಯ ಮೇಲೆ ಅಂಕಿಗಳು ಇಳಿಯುತ್ತಿದ್ದವು,
ಒಂಬತ್ತು, ಎಂಟು, ಏಳು,
ಮುಂದುವರಿಸುತ್ತೀಯಾ ಎಂದು
ಖಾಲಿ ಜಾಗವನ್ನು ಕೇಳುತ್ತ.

ಬಾಗಿಲು ಹಾಕಿದ ಮೇಲೆ ಬೆನ್ನು ತೆರೆದೆ.
ಸ್ಪ್ರಿಂಗ್ ಹೊಸದು, ನನ್ನ ದುಡ್ಡಿನದು.
ಮೂರು, ನಾಲ್ಕು ಎತ್ತಿದಂತೆಯೇ ಇರಲಿ ಎಂದು ಬಿಟ್ಟೆ.
ನನ್ನದೇ ಬಿಲ್ಲೆ ಹಾಕಿ ಆಡಿದೆ.
ಇಪ್ಪತ್ತು ವರ್ಷ ಬೆನ್ನಿನ ಕಡೆಯಿಂದಲೇ ನೋಡಿದವಳು,
ಎರಡನೇ ಹಂತದಲ್ಲೇ ಸತ್ತೆ, ಒಂದು ಏಡಿಗೆ ಸಿಕ್ಕಿ.
ನಗು ಬಂತು.
ನೋಡಿದರೆ, ನೋಡುತ್ತಿದ್ದದ್ದು ನನ್ನ ಕೈ.

ನಾಲ್ಕು ದಿನ ಬರಲಿಲ್ಲ.
ಐದನೇ ದಿನ ಬಂದಳು, ಬಿಲ್ಲೆ ಹಾಕಲಿಲ್ಲ.
ತಲೆ ವಾಲಿಸಿ, ಕಿವಿಯನ್ನು ಗುಂಡಿಯ ಹತ್ತಿರ ತಂದು
ಸುಮ್ಮನೆ ಒತ್ತಿದಳು.
ಟಕ್. ಟಕ್. ಟಕ್.
ಅನ್ಸೆಲ್ಮೋ ಗಲ್ಲಾದಿಂದ ಕತ್ತು ಚಾಚಿದ.
ನಾನು ಎಣಿಸುತ್ತಿದ್ದೆ, ಉಸಿರು ಬಿಡದೆ:
ಹದಿನೆಂಟು, ಹತ್ತೊಂಬತ್ತು.
ಇಪ್ಪತ್ತಕ್ಕೆ ನಿಲ್ಲಿಸಿ
ಜೇಬಿಗೆ ಕೈ ಹಾಕಿದಳು.