ಉಳ್ಳಾಗಡ್ಡಿ ಹಿಡಕೊಂಡು ನಿಂದರಬ್ಯಾಡ

ಮೊದಲ ಇದನ್ನ ಕೇಳು ಕಾಕು,
ಗುಂಡಿ ಒತ್ತೂದು ಆಮ್ಯಾಲ ಕಲ್ತರೂ ನಡೀತೈತಿ.
ಟೊಪಿಗಿ ಹಾಕ್ಕೊಂಡ ಆ ಬೆಕ್ಕು ನೀನು.
ಈ ಕಪ್ಪಿ ಅವ್ವ.
ಸಿಟ್ಟಾಗಬ್ಯಾಡ ಅವ್ವ, ನಾ ಆರಿಸಿದ್ದಲ್ಲ,
ಆಟನ ಕೊಟ್ಟಿದ್ದು.

ನನ್ನ ಬಲಗೈ ಪ್ಲಾಸ್ಟರಿನ್ಯಾಗ ಐತಿ, ಇನ್ನ ಹದಿನೆಂಟು ದಿನ.
ಸೈಕಲ್ಲು, ಬೆಟಗೇರಿ ಬಸ್ ಸ್ಟ್ಯಾಂಡಿನ ತಿರುವು, ಒಂದು ಹಂದಿ,
ಹೋಗ್ಲಿ ಬಿಡು ಆ ಕತಿ.
ಒಂಬತ್ತನೇ ಹಂತ ದಾಟೂತನಕ ನನಗ ನಿದ್ದಿ ಬರಂಗಿಲ್ಲ.
ಆಡಾಕ ಇಬ್ರು ಬೇಕು.
ಮನ್ಯಾಗ ಇರೂದು ನೀವಿಬ್ರ.

ಅಡಗಿ ಬರತೈತಿ ಅಂತ ಧೈರ್ಯಾ ಮಾಡಬ್ಯಾಡ.
ಅವ್ವ ಮೂವತ್ತು ಮಂದಿಗೆ ಎಣ್ಣಿಗಾಯಿ ಮಾಡ್ಯಾಳ,
ನೀ ಬಡದ ರೊಟ್ಟಿ ಹಾಳಿಯಂಗ ತೆಳ್ಳಗ,
ಇಲ್ಲಿ ಅದ್ಯಾವುದೂ ಲೆಕ್ಕಕ್ಕಿಲ್ಲ.
ಇಲ್ಲಿ ಉಪ್ಪಿಲ್ಲ, ಒಗ್ಗರಣಿ ವಾಸನಿ ಇಲ್ಲ.
ಇರೂದು ಬರೇ ಹೊತ್ತು,
ಮ್ಯಾಲ ಮೂಲ್ಯಾಗ ಕೆಂಪಗಾಕ್ಕೋತ ಬರೂ ಹೊತ್ತು.

ಉಳ್ಳಾಗಡ್ಡಿ ಹಿಡಕೊಂಡು ನಿಂದರಬ್ಯಾಡ.
ಹೊಸಬರೆಲ್ಲಾ ಮಾಡೂದು ಇದನ್ನ,
ಕೈಯಾಗ ಏನರ ಹಿಡಕೊಂಡು ವಿಚಾರ ಮಾಡಕೋತ ನಿಂದರೂದು.
ಇಡು. ಎಲ್ಲ್ಯರ ಇಡು. ನೆಲದ ಮ್ಯಾಲಾದ್ರೂ ನಡೀತೈತಿ,
ಇಲ್ಲಿ ಮಡಿ ಮೈಲಿಗಿ ಇಲ್ಲ, ಅಜ್ಜಿ ಇಲ್ಲ.
ದೂರ ಇದ್ರ ಒಗಿ.
ಒಗದ್ರ ಅಪಮಾನ ಅಲ್ಲ ಇಲ್ಲಿ.

ಮೊದಲು ಬಂದ ಚೀಟಿ ಮೊದಲು.
ಮಾಂವನ ತಾಟು ಮುಂದ, ನಮ್ದು ಕಡೀಕ
ಅನ್ನೂದು ಈ ಅಡಗೀಮನ್ಯಾಗ ನಡಿಯಂಗಿಲ್ಲ.

ಒಬ್ಬಾಕಿ ಹೆಚ್ಚಲಿ, ಒಬ್ಬಾಕಿ ಕುದಸಲಿ.
ಇಬ್ರೂ ಒಂದ ಒಲಿಗೆ ಓಡಿದ್ರ
ಬಾಗಲದಾಗ ಢಿಕ್ಕಿ ಹೊಡದು ಇಬ್ರೂ ಅಲ್ಲೇ.

(ಈ ಮಾತಿಗೆ ಇಬ್ರೂ ಟೀವಿ ಬಿಟ್ಟು ಅತ್ಲಾಗ ಇತ್ಲಾಗ ನೋಡಲಿಲ್ಲ.
ಯುಗಾದಿಗೆ ನಮ್ಮ ಮನ್ಯಾಗ ಒಲಿ ಎರಡಾದ್ವು,
ನಡುವ ತಗಡಿನ ಗ್ವಾಡಿ.
ಒಂದು ಹಿತ್ತಾಳಿ ಪರಾತದ ವಿಷಯ ಅಂತಾರ.
ಆ ಪರಾತ ನಾ ಇನ್ನೂ ನೋಡಿಲ್ಲ.)

ತಾಟು ತೊಳಿ. ಎಲ್ಲಾರೂ ಮರಿಯೂದು ತಾಟು.
ಸಾರು ತಯಾರ, ಹಾಕಾಕ ತಾಟಿಲ್ಲ,
ನೋಡನೋಡ್ತ ತಳ ಹತ್ತಿ, ಹೊಗಿ, ಬೆಂಕಿ.
ಬೆಂಕಿ ಹತ್ತಿದ್ರ ಯಾರು ಹಚ್ಚಿದ್ರು ಅಂತ ಕೇಳಬ್ಯಾಡ.
ಕೆಂಪು ಸಿಲಿಂಡರ್ ತಗೊ, ಆರ್ಸು, ಮುಂದ ನಡಿ.

ಮತ್ತ, ಒದರು.
ಮನಸಿನ್ಯಾಗ ಅನ್ಕೊಂಡಿದ್ದು ಆಕಿಗೆ ಕೇಳಸೂದಿಲ್ಲ.
ಟೊಮ್ಯಾಟೊ ಬೇಕು ಅನ್ನು. ತಾಟು ನಾ ತರ್ತೀನಿ ಅನ್ನು.
ನಿಮ್ಮವ್ವಗ ಹೇಳು ಅಂತ ನನಗ ಹೇಳೂದಲ್ಲ.
ಅಷ್ಟು ಹೊತ್ತು ಇರಂಗಿಲ್ಲ.

ಶುರು.
ಬಾಜೂಮನಿ ಮಗ್ಗ ಖಟಲ್ ಖಟಲ್,
ಅದಕ್ಕ ಸರಿಯಾಗಿ ಕಪ್ಪಿ ಗಜ್ಜರಿ ಹೆಚ್ಚತೈತಿ.
ಮೊದಲನೇ ಸಲ ಬೆಕ್ಕು ಹೊಳ್ಯಾಗ ಬಿತ್ತು.
ಎರಡನೇ ಸಲ ಕಪ್ಪಿ,
ನೀರಾಗ ಹುಟ್ಟಿದ ಕಪ್ಪಿ, ನೀರಾಗ ಮುಳುಗಿತು.
ಕಾಕು ಕಿಸಕ್ಕಂತ ನಕ್ಕಳು. ಅವ್ವ ತುಟಿ ಕಚ್ಚಿಕೊಂಡಳು.
ಮೂರನೇ ಸಲ, ಇಪ್ಪತ್ತು ಸೆಕೆಂಡು ಉಳದಾಗ,
"ಅಕ್ಕಾ, ತಾಟು!"
"ತಂದ್ನಿ ತಂದ್ನಿ, ಸರಿ ಅತ್ಲಾಗ!"

ಯುಗಾದಿ ಆದಮ್ಯಾಲ ಮೊದಲನೇ ಮಾತು.
ನಾ ಉಸರು ಬಿಡಲಿಲ್ಲ.
ಮೂರು ಚುಕ್ಕಿ ಬೇಕಿತ್ತು, ಒಂದ ಬಂತು.
ಇಬ್ರೂ ಎದ್ದು ತಮ್ಮ ತಮ್ಮ ಒಲಿ ಕಡೆ ಹೋದ್ರು.

ಮರುದಿನ ನಸಿಕಿನ್ಯಾಗ ನಳ ಬಂತು, ಹನ್ನೊಂದು ದಿನದ ಮ್ಯಾಲ.
ಎಷ್ಟೊತ್ತು ಇರತೈತೋ ನಳಕ್ಕೂ ಗೊತ್ತಿಲ್ಲ.
ಕಾಕು ನಳದ ಬುಡಕ, ಅವ್ವ ಹೊಸ್ತಿಲದಾಗ,
ಕೊಡ, ಬಕೀಟು, ಹಂಡೆ, ಹಾಲಿನ ಕ್ಯಾನು,
ಎರಡೂ ಒಲಿಯ ಪಾತ್ರಿ ಕಲತು
ಯಾವುದು ಯಾರದಂತ ತಿಳೀವಲ್ದು.
ಮಾತಿಲ್ಲ. "ಹ್ಞೂಂ", "ಹಿಡಿ", ಅಷ್ಟ.
ನಾ ಎಡಗೈಯಾಗ ಖಾಲಿ ಚರಗಿ ಹಿಡಕೊಂಡು
ನೋಡಕೋತ ನಿಂತಿದ್ನಿ.
ಇಬ್ರೂ ಒಮ್ಮೆಲೆ ನನ್ನ ಕಡೆ ತಿರುಗಿ ಒದರಿದ್ರು:
"ಏ, ಹಿಡಕೊಂಡು ನಿಂದರಬ್ಯಾಡ, ಇಡು ಅದನ್ನ!"