ಗೇಟು ಮುಚ್ಚಿದ ಜನವರಿ

ಸೀನಿದ್ದಕ್ಕೆ ಪಕ್ಕೆಲುಬು ಮುರಿಯಿತು ಅಪ್ಪನಿಗೆ.
ಮೂವತ್ತೊಂದು ವರ್ಷ ನೇಪಲ್ಸಿನ ಕಸ ಎತ್ತಿದವನು,
ಒದ್ದೆ ಹಾಸಿಗೆ, ಕೆಟ್ಟ ಫ್ರಿಜ್ಜು, ಒಮ್ಮೆ ಅರ್ಧ ಪಿಯಾನೊ.
ಯಾವುದಕ್ಕೂ ಜಗ್ಗದ ಮೈ
ಒಂದು ಸೀನಿಗೆ.

ಡಾಕ್ಟರ್ ಲೊಫ್ರೆದೊ ಚಿಕ್ಕ ವಯಸ್ಸಿನವಳು,
ಬಿಳಿ ಕೋಟಿನ ಜೇಬಲ್ಲೊಂದು ಕಿತ್ತಳೆ.
ಅಪ್ಪನ ಕೆಲಸ ಕೇಳಿದ್ದೇ ಕುರ್ಚಿ ಹತ್ತಿರಕ್ಕೆ ಎಳೆದಳು:
"ಸಬಾತಿನೊ ಅವರೇ, ನಿಮಗೆ ಹೇಳುವುದು ಸುಲಭ.
ಜೀವಕೋಶ ಅಂದರೆ ಒಂದು ಊರು.
ಅಲ್ಲಿ ಪ್ರೊಟೀನುಗಳು, ಕೆಲವು ಹುಟ್ಟಾ ಸೊಟ್ಟ, ಕೆಲವಕ್ಕೆ ಮುಪ್ಪು,
ಕೆಲವು ಕೆಲಸ ಮುಗಿದರೂ ಎದ್ದು ಹೋಗದ ನೆಂಟರು.
ಅಂಥವಕ್ಕೆ ಚೀಟಿ ಅಂಟಿಸುತ್ತಾರೆ,
ಯುಬಿಕ್ವಿಟಿನ್ ಅಂತ, ಎಪ್ಪತ್ತಾರು ಮಣಿಯ ಪುಟ್ಟ ಸರ.
ಒಂದೇ ಅಂಟಿದರೆ, ಆಚೆ ಜರುಗು ಅಂತಲೋ ಏನೋ.
ಚೀಟಿಯ ಬೆನ್ನಿಗೆ ಚೀಟಿ, ನಾಲ್ಕು ಕೂಡಿದರೆ
ಗಿರಣಿಗೆ."

"ಅಂಟಿಸುವವರು ಯಾರು?"
ಆರುನೂರು ಮಂದಿಯಂತೆ. ಒಬ್ಬೊಬ್ಬನಿಗೂ ಗೊತ್ತಿರುವುದು
ತನ್ನ ಬೀದಿಯ ನಾಲ್ಕು ಮನೆ.
"ತಪ್ಪು ಮೂಟೆಗೆ ಅಂಟಿಸಿದರೆ?"
ಕಿತ್ತು ಹಾಕುವವರೂ ಇದ್ದಾರಂತೆ, ನೂರು ಚಿಲ್ಲರೆ.
"ಅವರೂ ತೂಕಡಿಸಿದರೆ?"
ಆಗ ಕಾವಲಿನ ಪ್ರೊಟೀನೇ ಕಸಕ್ಕೆ ಹೋಗಿ ಗಡ್ಡೆ ಏಳಬಹುದು,
ಎಸೆಯಬೇಕಾದ್ದು ಮಿದುಳಲ್ಲೇ ಉಳಿದು ಕೈ ನಡುಗಬಹುದು.

ಅಪ್ಪನಿಗೆ ಹಿಡಿಸಿದ್ದು ಬೇರೆ:
ಗಿರಣಿಯ ಬಾಯಲ್ಲಿ ಚೀಟಿ ಬಿಚ್ಚಿ ವಾಪಸು ಕೊಡುತ್ತಾರೆ.
ಮೂಟೆ ಪುಡಿಪುಡಿ, ಚೀಟಿ ಮತ್ತೆ ಬೀದಿಗೆ.
"ನಮ್ಮ ಕೈಗವಸಿನ ಹಾಗೆ," ಅಂದ.

ಮಜ್ಜೆಯೊಳಗಿನ ಆ ಕೆಟ್ಟ ಕೋಶಗಳಿಗೆ ಹಗಲಿಲ್ಲ ಇರುಳಿಲ್ಲ,
ಒಂದೇ ಸರಕು ನೇಯುತ್ತವೆ, ಅದಕ್ಕೇ ಕಸವೂ ಹೆಚ್ಚು.
ಈ ಸೂಜಿ ಗಿರಣಿಯನ್ನು ನಿಲ್ಲಿಸುತ್ತದೆ.
ತಮ್ಮ ತಿಪ್ಪೆಯಲ್ಲಿ ತಾವೇ ಮುಳುಗುತ್ತವೆ.
"ಮುಷ್ಕರ ಅಂದುಕೊಳ್ಳಿ," ಅಂದಳು ನಗುತ್ತ.

ಅಪ್ಪ ನಗಲಿಲ್ಲ.
ಎಲ್ಲಿಗೆ ಹೋದನೆಂದು ನನಗೆ ಗೊತ್ತು.
ಎರಡು ಸಾವಿರದ ಎಂಟು, ಜನವರಿ.
ಫೊರ್ಚೆಲ್ಲಾದ ಓಣಿಯಲ್ಲಿ ಕಿಟಕಿಯೆತ್ತರ ತಿಪ್ಪೆ,
ಬಾಲ್ಕನಿಯಿಂದ ಬುಟ್ಟಿ ಇಳಿಬಿಡುವುದನ್ನು ಅಮ್ಮ ಬಿಟ್ಟಿದ್ದಳು,
ರಾತ್ರಿ ಯಾರೋ ಇಟ್ಟ ಬೆಂಕಿ, ಪ್ಲಾಸ್ಟಿಕ್ಕಿನ ಜತೆ ಉರಿವ ಕಿತ್ತಳೆ ಸಿಪ್ಪೆ.
ಶಾಲೆಯಲ್ಲಿ ನನ್ನ ಚೀಲಕ್ಕೆ ಮೀನಿನ ತಲೆ ತುರುಕಿದ್ದರು:
ನಿಮ್ಮಪ್ಪ ಮರೆತದ್ದು, ತಗೋ.

"ಮುಷ್ಕರ ಅಲ್ಲ, ಡಾಕ್ಟರೇ.
ದಿನಾ ಹೋಗಿದ್ದೆವು, ಬೆಳಗಿನ ನಾಲ್ಕಕ್ಕೆ.
ಲಾರಿ ತುಂಬಿ ನಿಂತಿತ್ತು.
ಸುರಿಯುವಲ್ಲಿ ಗೇಟು ಮುಚ್ಚಿತ್ತು.
ಒಳಗೆ ಕೂತು ಇಸ್ಪೀಟಾಡಿದೆವು.
ಜನ ಉಗಿದದ್ದು ನಮ್ಮ ಮುಖಕ್ಕೆ."

ಅವಳು ಕಿತ್ತಳೆಯನ್ನು ತೆಗೆದು, ನೋಡಿ, ಮತ್ತೆ ಜೇಬಿಗಿಟ್ಟಳು.
"ನೀವು ಹೇಳಿದ್ದೇ ಸರಿ. ಅಂಟಿಸುವವರು ಅಂಟಿಸುತ್ತಲೇ ಇರುತ್ತಾರೆ.
ಗೇಟು ಮಾತ್ರ ಮುಚ್ಚಿರುತ್ತದೆ."

ಒಂದನೆಯ ದಿನ, ನಾಲ್ಕನೆಯ, ಎಂಟನೆಯ, ಹನ್ನೊಂದನೆಯ ದಿನ
ಹೊಟ್ಟೆಯ ಚರ್ಮದಡಿ ಸಣ್ಣ ಚುಚ್ಚು.
ರಕ್ತದ ಲೆಕ್ಕ ಇಳಿಯುತ್ತಿದೆ ಅನ್ನುತ್ತಾರೆ.
ಪಾದಕ್ಕೆ ಜೋಮು. ಕಳಚಿದ ಚಪ್ಪಲಿ ಮೂರು ಹೆಜ್ಜೆ ಹಿಂದೆ,
ಅವನಿಗೆ ಗೊತ್ತೇ ಆಗುವುದಿಲ್ಲ.
ಒಳ್ಳೆಯವರ ಬೀದಿಯಲ್ಲೂ ಕಸ ನಿಲ್ಲುತ್ತದಲ್ಲ, ಅನ್ನುತ್ತಾನೆ,
ಯಾರದೋ ಪರವಾಗಿ ಕ್ಷಮೆ ಕೇಳುವವನ ಹಾಗೆ.

ಇವತ್ತು ನಾಲ್ಕಕ್ಕೆ ಎಚ್ಚರ. ಓಣಿಯಲ್ಲಿ ಲಾರಿ.
ಅದರ ಕಬ್ಬಿಣದ ದವಡೆ ಕಚ್ಚಿ, ಒತ್ತಿ, ನುಂಗುವುದನ್ನು
ಕತ್ತಲಲ್ಲಿ ನಿಂತು ಕೇಳಿದ.
ನಮ್ಮ ಚೀಲ ಮಾತ್ರ ಬಾಗಿಲಲ್ಲೇ ಉಳಿದಿತ್ತು.
ಗಾಜಿನ ಜತೆ ನಾನು ಔಷಧಿಯ ರಟ್ಟು ಬೆರೆಸಿದ್ದೆ.
ಹೊಸ ಹುಡುಗ ಕೆಂಪು ಚೀಟಿ ಅಂಟಿಸಿ ಹೋಗಿದ್ದಾನೆ: ನಿಯಮಕ್ಕೆ ಹೊಂದಿಲ್ಲ.

ಅಪ್ಪ ನನ್ನನ್ನು ಬೈಯಲಿಲ್ಲ.
ಸ್ಪರ್ಶ ಸತ್ತ ಬೆರಳುಗಳಿಂದ
ಮೂರು ಸಲ ಜಾರಿ, ನಾಲ್ಕನೆಯ ಸಲಕ್ಕೆ
ಅಂಚು ಹರಿಯದಂತೆ ಬಿಡಿಸಿದ ಚೀಟಿಯನ್ನು,
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ,
ಅಂಗೈಯಲ್ಲಿ ಒತ್ತಿ ನೋಡಿದ.
ಅಂಟಿಕೊಂಡಿತು.